ರಕ್ತ ಕೊಟ್ಟವರಿಗೆ ರಿಪೋರ್ಟ್ ಸಿಕ್ಕಿತೇ?

(ಉಡುಪಿಯ ಹಿರಿಯ ನಾಗರಿಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಸರಿಯಾಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮಂತ್ರಣದಲ್ಲಿ ‘ಆರೋಗ್ಯ ಸಂಶೋಧನೆ’ ಅಂತ ನೋಡಿ ಆಗಲೇ ಇಬ್ಬರು ಮೊಣಕಾಲು ನೋವಿಗೆ ಎಂತ ಮಾಡುವುದು ಅಂತ ಕೇಳಿ ಆಯಿತು. ನಾನು ಬ್ಯಾಂಕಿನಲ್ಲಿದ್ದವನು. ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಗೆ ಸದಸ್ಯನಾಗಿ ಬನ್ನಿ ಅಂದರು, ಹೋದೆ. ಹೋಗುತ್ತಾ ಇದ್ದೇನೆ.

ಈ ಕಮಿಟಿ ಅಂದರೆ ಎಂತದು? ಮನುಷ್ಯರನ್ನು ಇಟ್ಟುಕೊಂಡು ಮಾಡುವ ಸಂಶೋಧನೆಯ ಕಾಗದವೆಲ್ಲ ಮೊದಲು ಇದರ ಮುಂದೆ ಬರಬೇಕು. ಹೊಸ ಮಾತ್ರೆಯ ಪ್ರಯೋಗ ಇರಬಹುದು, ಬರೀ ಹತ್ತು ಪ್ರಶ್ನೆ ಕೇಳುವ ಸರ್ವೆ ಇರಬಹುದು. ಕಮಿಟಿ ಸೈ ಅನ್ನದೆ ಶುರು ಮಾಡುವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು. ಕಡಿಮೆ ಅಂದರೂ ಅರ್ಧ ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ. ಡಾಕ್ಟರು, ವಕೀಲರು, ಸಮಾಜ ವಿಜ್ಞಾನದವರು ಕೂತಿರುತ್ತಾರೆ. ಅವರ ನಡುವೆ ಇದ್ಯಾವುದನ್ನೂ ಓದದ ಒಬ್ಬ ಸಾಧಾರಣ ಮನುಷ್ಯನೂ ಬೇಕು ಅಂತ ನಿಯಮ. ಆ ಕುರ್ಚಿ ನನ್ನದು. ಎಂಥ ದಡ್ಡ ಪ್ರಶ್ನೆ ಕೇಳಿದರೂ ಅಲ್ಲಿ ಯಾರೂ ನಗುವ ಹಾಗಿಲ್ಲ. ಬ್ಯಾಂಕಿನ ಮೀಟಿಂಗಿನಲ್ಲಿ ಇಂಥ ಸುಖ ಇರಲಿಲ್ಲ ನೋಡಿ.

ಅಲ್ಲಿಗೆ ಬರುವ ಫೈಲುಗಳ ವಿಷಯ ಹೊರಗೆ ಹೇಳುವುದಿಲ್ಲ ಅಂತ ಬರೆದು ಸಹಿ ಹಾಕಿದ್ದೇನೆ. ಹಾಗಾಗಿ ಇವತ್ತು ನಾನು ಕೊಡುವ ಉದಾಹರಣೆಗಳಲ್ಲಿ ಹೆಚ್ಚಿನವು ‘ಹೀಗಂತ ಇಟ್ಟುಕೊಳ್ಳಿ’ ಅನ್ನುವ ಜಾತಿಯವು. ಎಲ್ಲರಿಗೂ ಗೊತ್ತಿರುವ ಸಂಗತಿ ಬಂದಾಗ ಇಸವಿ, ಊರಿನ ಹೆಸರು ಹೇಳುತ್ತೇನೆ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಆಗ ಅದು ಬೋಳುಗುಡ್ಡ. ರೋಗಿಗಳನ್ನು ನೋಡಿ ಕಲಿಯಲಿಕ್ಕೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯನ್ನೇ ನಂಬಬೇಕಾಗಿತ್ತು. ಈಗ ನೋಡಿ, ಮಣಿಪಾಲ, ದೇರಳಕಟ್ಟೆ, ಕಂಕನಾಡಿ ಅಂತ ಎಷ್ಟು ಮೆಡಿಕಲ್ ಕಾಲೇಜುಗಳು! ಎಂಡಿ, ಎಂಎಸ್ ಓದುವ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಲೇಬೇಕು. ನರ್ಸಿಂಗ್, ಫಿಸಿಯೋಥೆರಪಿ, ಡೆಂಟಲ್ ಎಲ್ಲ ಬೇರೆ. ಅಷ್ಟು ಪ್ರಬಂಧಗಳಿಗೆ ರಕ್ತ ಕೊಡುವವರು, ಉತ್ತರ ಕೊಡುವವರು, ಅರ್ಧ ದಿನ ಕೂರುವವರು ಯಾರು? ಹೆಚ್ಚಾಗಿ ನಾವೇ. ಉಡುಪಿ, ದಕ್ಷಿಣ ಕನ್ನಡ, ಈ ಎರಡು ಜಿಲ್ಲೆಯವರು.

ಅದೇ ಪೈಯವರು ಉಪೇಂದ್ರ ಅನಂತ ಪೈ, ವಾಮನ ಕುಡ್ವರ ಜೊತೆ ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಯಿತು. 1928ರಲ್ಲಿ ಅದು ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ. ಏಜೆಂಟು ಮನೆ ಬಾಗಿಲಿಗೆ ಬಂದು ದುಡ್ಡು ತೆಗೆದುಕೊಂಡು, ಅಲ್ಲೇ ಬರೆದು ಕೊಟ್ಟು ಹೋಗುವುದು. ನಿಮಗೆಲ್ಲ ಗೊತ್ತಿದ್ದದ್ದೇ. ಏಜೆಂಟು ಒಂದು ದಿನ ದುಡ್ಡು ತೆಗೆದುಕೊಂಡು ಬರೆಯದೆ ಹೋದರೆ ಮರುದಿನ ಆ ಮನೆಯ ಬಾಗಿಲು ತೆರೆಯುತ್ತಿತ್ತಾ? ಸಂಶೋಧನೆಯ ಹೆಸರಿನಲ್ಲಿ ಮನೆಗೆ ಬರುವವರಿಂದಲೂ ನಾನು ಕೇಳುವುದು ಅಷ್ಟೇ. ತೆಗೆದುಕೊಂಡಿರಿ, ಸಂತೋಷ. ಬರೆದು ಕೊಟ್ಟಿರಾ? ಕೊಟ್ಟವನ ಲೆಕ್ಕ ಕೊಟ್ಟವನಿಗೆ ಸಿಕ್ಕಿತಾ?

ಹಾಗಂತ ಸಂಶೋಧನೆಯೇ ಬೇಡ ಅನ್ನುವ ಗುಂಪಿನವನು ನಾನಲ್ಲ. 2018ರ ಮೇ ತಿಂಗಳು ನೆನಪಿದೆಯಲ್ವಾ? ಕೋಝಿಕ್ಕೋಡಿನ ಹತ್ತಿರ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಜ್ವರದಿಂದ ಮಲಗಿದರು. ಅಲ್ಲಿನ ಡಾಕ್ಟರುಗಳಿಗೆ ಇದು ಮಾಮೂಲಿ ಜ್ವರ ಅಲ್ಲ ಅನಿಸಿತು. ಸ್ಯಾಂಪಲ್ ಬಂದದ್ದು ನಮ್ಮ ಮಣಿಪಾಲದ ವೈರಸ್ ಲ್ಯಾಬಿಗೆ. ನಿಪಾ ಅಂತ ಮೊದಲು ಗೊತ್ತಾದದ್ದು ಇಲ್ಲಿ. ಆಮೇಲೆ ಪುಣೆಯ ರಾಷ್ಟ್ರೀಯ ಸಂಸ್ಥೆ ಹೌದು ಅಂತ ಖಚಿತ ಮಾಡಿತು. ಲ್ಯಾಬಿಗೆ ಇದು ಹೇಗೆ ಸಾಧ್ಯವಾಯಿತು? ವರ್ಷಗಟ್ಟಲೆ ಅವರು ಜ್ವರದ ಸ್ಯಾಂಪಲ್‌ಗಳನ್ನೇ ನೋಡುತ್ತಾ ಕೂತಿದ್ದರು. ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ. ಪೇಪರಿನಲ್ಲಿ ಬರುವಂಥ ಕೆಲಸ ಅಲ್ಲ. ಆ ಬೇಜಾರಿನ ಕೆಲಸ ಇಲ್ಲದಿದ್ದರೆ ಆ ಮೇ ತಿಂಗಳಲ್ಲಿ ಅಷ್ಟು ಬೇಗ ಉತ್ತರ ಸಿಗುತ್ತಿರಲಿಲ್ಲ. ಆ ಹಳೆಯ ಸ್ಯಾಂಪಲ್‌ಗಳನ್ನು ಕೊಟ್ಟವರು ಯಾರೋ ಕೂಲಿಯವರು, ಯಾರೋ ಗೃಹಿಣಿ.

ಮಂಗಳೂರಿನ ಮಲೇರಿಯಾ ಇನ್ನೊಂದು. 1990ರ ದಶಕದಿಂದ ಅದು ಆ ಊರಲ್ಲಿ ಬೇರು ಬಿಟ್ಟಿತು. ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದ ಕಾಲ. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕಿ. ಅನಾಫಿಲಿಸ್ ಸ್ಟೀಫನ್ಸಿ ಅನ್ನುವ ಸೊಳ್ಳೆ ಇದೆ, ಅದಕ್ಕೆ ಚರಂಡಿ ನೀರು ಬೇಡ, ಇಂಥ ಚೊಕ್ಕ ನೀರೇ ಆಗಬೇಕು. ಇಲ್ಲಿ ಜಾಸ್ತಿ ಬರುವುದು ವೈವ್ಯಾಕ್ಸ್ ಮಲೇರಿಯಾ. ಅದರ ರೋಗಾಣು ಲಿವರಿನಲ್ಲಿ ಅಡಗಿ ಕೂತು ಕೆಲವು ವಾರ, ತಿಂಗಳು ಬಿಟ್ಟು ಮತ್ತೆ ಏಳುತ್ತದೆ. ಅದನ್ನು ತೆಗೆಯಲಿಕ್ಕೆ 14 ದಿನ ಪ್ರೈಮಾಕ್ವಿನ್ ಮಾತ್ರೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿರುತ್ತದೆ. ಐದನೇ ದಿನಕ್ಕೆ ಆ ಕೂಲಿಯವನು ಬೇರೆ ಸೈಟಿಗೆ ಹೋಗಿರುತ್ತಾನೆ. ಮಾತ್ರೆ ಚೀಟಿ ಹಳೆ ಶೆಡ್ಡಿನ ತಗಡಿನ ಸಂದಿಯಲ್ಲಿ. ಇದು ಮೈಕ್ರೋಸ್ಕೋಪಿನಲ್ಲಿ ಕಾಣುವಂಥದಲ್ಲ. ಶೆಡ್ಡಿಗೆ ಹೋಗಿ, ಕೂತು, ‘ಎಷ್ಟು ಮಾತ್ರೆ ಉಳಿದಿದೆ ತೋರಿಸಿ’ ಅಂತ ಕೇಳಿದವರಿಗೆ ಮಾತ್ರ ಗೊತ್ತಾಗುವುದು.

ಈಗ ಕಮಿಟಿಯ ಒಳಗಿನ ಒಂದು ತಮಾಷೆ. ಬ್ಯಾಂಕಿನವನಲ್ವಾ, ನನ್ನ ಕಣ್ಣು ಮೊದಲು ಅಂಕಿಯ ಮೇಲೆ ಹೋಗುತ್ತದೆ. ‘ಎಷ್ಟು ಜನರನ್ನು ನೋಡುತ್ತೀರಿ’ ಅನ್ನುವ ಜಾಗದಲ್ಲಿ ಮತ್ತೆ ಮತ್ತೆ 384 ಅಂತ ಕಾಣಿಸಿತು. ಹಲ್ಲಿನ ಸರ್ವೆಗೂ 384, ಬೆನ್ನುನೋವಿಗೂ 384. ಒಬ್ಬರ ಫೈಲನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ ಅಂದುಕೊಂಡೆ. ಸಂಖ್ಯಾಶಾಸ್ತ್ರದ ಮೇಡಂ ಬಿಡಿಸಿ ಹೇಳಿದರು. ಊರಲ್ಲಿ ಎಷ್ಟು ಜನರಿಗೆ ಆ ತೊಂದರೆ ಇದೆ ಅಂತ ಏನೂ ಅಂದಾಜಿಲ್ಲದಾಗ ಅರ್ಧಕ್ಕರ್ಧ ಅಂತ ಹಿಡಿಯುತ್ತಾರೆ. ಉತ್ತರ ಶೇ. 5ರಷ್ಟು ಆಚೀಚೆ ಆದರೂ ಪರವಾಗಿಲ್ಲ, ನೂರಕ್ಕೆ 95ರಷ್ಟು ಭರವಸೆ ಸಾಕು ಅಂತ ಸೂತ್ರಕ್ಕೆ ಹಾಕಿದರೆ ಬರುವುದೇ 384. ಸರಿ, ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕ ನಿಲ್ಲಬೇಕಾದರೆ 384 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು. ಬೆಳಿಗ್ಗೆ 11 ಗಂಟೆಗೆ ಮನೆ ಮನೆಗೆ ಹೋದರೆ ಯಾರು ಸಿಗುತ್ತಾರೆ? ಗಂಡಸರು ಬೋಟಿನಲ್ಲಿ, ಮುಂಬಯಿಯಲ್ಲಿ, ದುಬೈಯಲ್ಲಿ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಇರುವುದು ನಾವು, ನಮ್ಮ ಬಿಪಿ ಮಾತ್ರೆ ಡಬ್ಬಿ. ಹೀಗೆ ಲೆಕ್ಕ ಹಾಕಿದರೆ ಉಡುಪಿಯಲ್ಲಿ ಎಲ್ಲರಿಗೂ ಬಿಪಿ ಅಂತಲೇ ಬರುತ್ತದೆ ಬಿಡಿ.

ಬಿಪಿ ಅಂದೆನಲ್ಲ. ನೋಡುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಿಮಗೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಇಲ್ಲ. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ. ಮಾತಾಡಬಾರದು. ಒಂದಕ್ಕಿಂತ ಹೆಚ್ಚು ಸಲ ನೋಡಿ ಸರಾಸರಿ ತೆಗೆಯಬೇಕು. ಮೆಟ್ಟಿಲು ಹತ್ತಿ ಬಂದವರನ್ನು ನಿಲ್ಲಿಸಿಯೇ ಪಟ್ಟಿ ಸುತ್ತಿದರೆ ಬರುವುದು ಆ ಮೆಟ್ಟಿಲಿನ ಲೆಕ್ಕ.

ಉಪ್ಪಿನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಅದು ಇಷ್ಟ. ಅಂದರೆ ಉಪ್ಪೂ ಇಷ್ಟ, ವಿಷಯವೂ ಇಷ್ಟ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚು ಕಡಿಮೆ ಒಂದು ಟೀ ಚಮಚ. ನಮ್ಮ ಕಡೆ ಗಂಜಿಗೆ ಉಪ್ಪಿನಕಾಯಿ, ಮಳೆಗಾಲಕ್ಕೆ ಒಣಮೀನು, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಮಾವಿನಕಾಯಿ. ‘ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ?’ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ನಮ್ಮಲ್ಲಿ ಕಡಿಮೆ.’ ನಿಜ ತಿಳಿಯಲಿಕ್ಕೆ ಒಳ್ಳೆಯ ದಾರಿ ಅಂದರೆ 24 ಗಂಟೆಯ ಮೂತ್ರ ಸಂಗ್ರಹಿಸಿ ನೋಡುವುದು. ತಿಂದ ಉಪ್ಪಿನ ಸೋಡಿಯಂನಲ್ಲಿ ಸುಮಾರು ಶೇ. 90ರಷ್ಟು ಅದರಲ್ಲೇ ಹೊರಗೆ ಹೋಗುತ್ತದೆ.

ಕಾಗದದ ಮೇಲೆ ಎಷ್ಟು ಸುಲಭ! ಬೆಳಿಗ್ಗೆ ಎದ್ದ ಕೂಡಲೇ ಹೋಗುವುದನ್ನು ಬಿಡಬೇಕು, ಸಮಯ ಬರೆದಿಡಬೇಕು. ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರವರೆಗೆ ಒಂದು ಹನಿಯೂ ಹೊರಗೆ ಹೋಗದೆ ಕ್ಯಾನಿಗೆ ಬೀಳಬೇಕು. ಈಗ ಹೀಗಂತ ಇಟ್ಟುಕೊಳ್ಳಿ. ಕಾಪುವಿನ ಒಬ್ಬ ಅಕ್ಕ. ಬೀಡಿ ಕಟ್ಟುತ್ತಾರೆ. ಅವತ್ತು ಬ್ರಾಂಚಿಗೆ ಬೀಡಿ ಕೊಡುವ ದಿನ. ಆ ದೊಡ್ಡ ಪ್ಲಾಸ್ಟಿಕ್ ಕ್ಯಾನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾರಾ? ಮನೆಗೆ ಬಂದ ನೆಂಟರಿಗೆ ಬಚ್ಚಲಿನ ಮೂಲೆಯ ಕ್ಯಾನು ಎಂತದು ಅಂತ ಹೇಳುತ್ತಾರಾ? ಹೊರಗೆ ಇದ್ದಾಗ ಎರಡು ಸಲ ಬಿಟ್ಟು ಹೋಗುತ್ತದೆ. ಮರುದಿನ ಸಂಶೋಧನೆಯ ಹುಡುಗಿ ಬಂದು ‘ಪೂರ್ತಿ ಹಿಡಿದಿಟ್ಟಿದ್ದೀರಾ ಅಕ್ಕ?’ ಅಂದಾಗ, ಪಾಪ ಇಷ್ಟು ದೂರದಿಂದ ಬಂದಿದ್ದಾಳೆ ಅಂತ ‘ಹೌದು ಮಗಾ’ ಅನ್ನುತ್ತಾರೆ. ಪ್ರಬಂಧದಲ್ಲಿ ಆ ಊರಿನವರು ಉಪ್ಪು ಕಡಿಮೆ ತಿನ್ನುತ್ತಾರೆ ಅಂತ ಅಚ್ಚಾಗುತ್ತದೆ. ಇದನ್ನು ಹಿಡಿಯಲಿಕ್ಕೆ ಅದೇ ಮೂತ್ರದಲ್ಲಿ ಕ್ರಿಯಾಟಿನಿನ್ ಎಷ್ಟು ಅಂತ ನೋಡುವ ಉಪಾಯ ಇದೆ. ಅದು ದಿನಾ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಹೊರಗೆ ಹೋಗುವ ವಸ್ತು, ತೀರಾ ಕಡಿಮೆ ಬಂದರೆ ಮೂತ್ರ ಪೂರ್ತಿ ಹಿಡಿದಿಲ್ಲ ಅಂತ ಅನುಮಾನ ಪಡಬಹುದು. ಆದರೆ ಅದಕ್ಕಿಂತ ಮೊದಲು ‘ಯಾವ ದಿನ ನೀವು ಮನೆಯಲ್ಲೇ ಇರುತ್ತೀರಿ ಅಕ್ಕ?’ ಅಂತ ಕೇಳಬಹುದಲ್ಲ. ಅದಕ್ಕೆ ಖರ್ಚಿಲ್ಲ.

ದೇಹದ ಲೆಕ್ಕವೇ ಇಷ್ಟು ಕಷ್ಟ. ಈಗೀಗ ‘ಯೋಗಕ್ಷೇಮ’ದ ಸಂಶೋಧನೆ ಅಂತ ಜಾಸ್ತಿ ಬರುತ್ತಿದೆ. ಅಂದರೆ ನೆಮ್ಮದಿಯಾಗಿ ಇದ್ದೀರಾ ಅನ್ನುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯದ್ದೇ ಒಂದು ಪುಟ್ಟ ಪ್ರಶ್ನಾವಳಿ ಇದೆ, ಐದೇ ಸಾಲು. ಕಳೆದ ಎರಡು ವಾರದಲ್ಲಿ ಮನಸ್ಸು ಗೆಲುವಾಗಿತ್ತೇ, ಸಮಾಧಾನ ಇತ್ತೇ, ಮೈಯಲ್ಲಿ ಚುರುಕು ಇತ್ತೇ, ಬೆಳಿಗ್ಗೆ ಏಳುವಾಗ ನಿದ್ದೆಯಾಗಿ ಹಾಯೆನಿಸಿತ್ತೇ, ದಿನದಲ್ಲಿ ಮನಸ್ಸಿಗೆ ಹಿಡಿಸುವ ಸಂಗತಿಗಳು ಇದ್ದವೇ. ಒಂದೊಂದಕ್ಕೂ ಸೊನ್ನೆಯಿಂದ ಐದು ಅಂಕ. ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಬರುತ್ತದೆ. 50ಕ್ಕಿಂತ ಕೆಳಗೆ ಬಂದರೆ ಇನ್ನಷ್ಟು ವಿಚಾರಿಸಬೇಕು ಅಂತ ಅರ್ಥ.

ಒಳ್ಳೆಯ ಪ್ರಶ್ನೆಗಳು. ನಾನೂ ತುಂಬಿ ನೋಡಿದೆ, ಅಂಕ ಹೇಳುವುದಿಲ್ಲ. ಆದರೆ ಇದನ್ನು ಮಲ್ಪೆಯಲ್ಲಿ ಮೀನು ಮಾರುವ ಅಮ್ಮನ ಹತ್ತಿರ ಕೇಳುತ್ತೇವೆ ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ಎದ್ದು ಬಂದರಿಗೆ ಹೋಗಿ, ಬುಟ್ಟಿಗೆ ಮೀನು ಹಿಡಿದು, ಬಿಸಿಲೇರುವ ಮೊದಲು ಮಾರಿ ಮುಗಿಸಬೇಕು. ‘ಏಳುವಾಗ ಹಾಯೆನಿಸಿತ್ತಾ ಅಮ್ಮ?’ ಅಂದರೆ, ‘ನಾಲ್ಕಕ್ಕೆ ಏಳುವವಳಿಗೆ ಎಂತ ಹಾಯಿ ಮಗಾ’ ಅನ್ನುತ್ತಾರೆ. ಸೊನ್ನೆ. ಅದು ಖಿನ್ನತೆಯಾ, ಕೆಲಸದ ಹೊತ್ತಾ? ಇನ್ನೊಂದುಂಟು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಜುಲೈಯಲ್ಲಿ ಆ ಅಮ್ಮನಿಗೆ ನಿದ್ದೆ ಜಾಸ್ತಿ, ಕೈಯಲ್ಲಿ ಕಾಸು ಕಡಿಮೆ. ಅಕ್ಟೋಬರಿನಲ್ಲಿ ಕಾಸು ಇದೆ, ನಿದ್ದೆ ಇಲ್ಲ. ಯಾವ ಎರಡು ವಾರದ ನೆಮ್ಮದಿಯನ್ನು ನಾವು ಅಳೆಯುವುದು? ಇದನ್ನು ಯೋಚಿಸದ ಅರ್ಜಿಗೆ ನಾನು ಕೈ ಎತ್ತಿ, ‘ಯಾವ ತಿಂಗಳಲ್ಲಿ ಕೇಳುತ್ತೀರಿ?’ ಅಂತ ಒಂದು ಪ್ರಶ್ನೆ ಹಾಕುತ್ತೇನೆ. ಅಷ್ಟಕ್ಕೇ ಕೆಲವರ ಮುಖ ಬಾಡುತ್ತದೆ.

ಹಾಸ್ಟೆಲ್ ಮಕ್ಕಳ ವಿಷಯ ಇದಕ್ಕಿಂತ ಗಂಭೀರ. ವಿದ್ಯಾರ್ಥಿಗಳ ಮನಸ್ಸಿನ ಬಗ್ಗೆ ವಿಶ್ವವಿದ್ಯಾಲಯಗಳು ಈಗ ತುಂಬ ಅಧ್ಯಯನ ಮಾಡುತ್ತವೆ, ಮಾಡಲೇಬೇಕು. ಹೆಚ್ಚಾಗಿ ಬಳಸುವುದು ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಒಂಬತ್ತನೆಯದು, ಸತ್ತರೆ ಒಳ್ಳೆಯದಿತ್ತು ಅಥವಾ ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅಂತ ಅನಿಸಿತ್ತೇ ಅನ್ನುವುದು. ಮೊಬೈಲಿನಲ್ಲಿ ಗೂಗಲ್ ಫಾರ್ಮ್, ಹೆಸರು ಬರೆಯಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ಆ ಪ್ರಶ್ನೆಗೆ ‘ಹೆಚ್ಚುಕಡಿಮೆ ಪ್ರತಿದಿನ’ ಅಂತ ಒತ್ತಿದ ಅಂತ ಇಟ್ಟುಕೊಳ್ಳಿ. ಸಂಶೋಧಕರು ಅದನ್ನು ನೋಡುವುದು ಮೂರು ತಿಂಗಳ ನಂತರ, ಎಕ್ಸೆಲ್ ಶೀಟಿನಲ್ಲಿ. ಹೆಸರಿಲ್ಲದ ಒಂದು ಸಾಲು. ಹೆಸರು ಕೇಳಿದರೆ ಮಕ್ಕಳು ನಿಜ ಬರೆಯುವುದಿಲ್ಲ, ಕೇಳದಿದ್ದರೆ ಬೇಕಾದಾಗ ಅವರನ್ನು ಮುಟ್ಟಲಿಕ್ಕಾಗುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ನನಗೆ ಕಂಡಿಲ್ಲ. ಕಡಿಮೆ ಅಂದರೂ ಆ ಉತ್ತರ ಒತ್ತಿದ ಕ್ಷಣದಲ್ಲೇ ಪರದೆಯ ಮೇಲೆ ಸಹಾಯದ ನಂಬರು ಬರಬೇಕು. ಕಾಲೇಜಿನ ಕೌನ್ಸೆಲರ್ ನಂಬರು, ಜೊತೆಗೆ 14416. ಅದು ಟೆಲಿ ಮಾನಸ್, ಸರಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಮನೆಯ ಮಕ್ಕಳ ಫೋನಿನಲ್ಲೂ ಇದ್ದರೆ ಒಳ್ಳೆಯದು. ಬರೆದುಕೊಳ್ಳಿ, 14416.

ಒಪ್ಪಿಗೆ ಪತ್ರಕ್ಕೆ ಬರುತ್ತೇನೆ. ಸಹಿ ತಾನೇ ಅಂತ ಹಗುರವಾಗಿ ನೋಡಬೇಡಿ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಒಂದು ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿ ಬದಲು ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ಟರುಗಳು ಸಹಿ ಹಾಕಿದ್ದರು. 2010ರಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆಯ ಮೇಲೆ ಅನುಮಾನ ಪಡಬೇಡಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯಲಿಕ್ಕೆ ಅದು ಒಳ್ಳೆಯ ಲಸಿಕೆ, ಎಷ್ಟೋ ದೇಶಗಳಲ್ಲಿ ಕೊಡುತ್ತಾರೆ. ಕೆಟ್ಟದ್ದು ಕೇಳದೆ ಮುಂದುವರಿದದ್ದು. ಅದರಿಂದ ಒಳ್ಳೆಯ ಲಸಿಕೆಗೂ ಹೆಸರು ಕೆಟ್ಟಿತು. ಈಗ 2019ರ ನಿಯಮಗಳ ಪ್ರಕಾರ, ಹೊಸ ಔಷಧಿಯ ಪ್ರಯೋಗದಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಎದುರಿಗೇ ಇರಬೇಕು.

ಕೊನೆಗೆ ನಾನು ಬಿಡದೆ ಕೇಳುವ ಪ್ರಶ್ನೆಗೆ ಬರುತ್ತೇನೆ. ನೀವು ಹಳ್ಳಿಗೆ ಹೋಗಿ ಶುಗರ್ ನೋಡಿದಿರಿ. ಒಬ್ಬರಿಗೆ 300 ಬಂತು. ಅವರಿಗೆ ಇಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಈಗ ಎಂತ ಮಾಡುತ್ತೀರಿ? ‘ಡೇಟಾ ಎಂಟ್ರಿ ಮಾಡುತ್ತೇವೆ ಸರ್’ ಅಂದರೆ ಫೈಲು ವಾಪಸ್. ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಚೀಟಿ ಯಾರು ಬರೆಯುತ್ತಾರೆ, ಹೋದರಾ ಇಲ್ಲವಾ ಅಂತ ಯಾರು ನೋಡುತ್ತಾರೆ, ಇಷ್ಟೂ ಬರೆದಿರಬೇಕು. ಆ ಊರಿನ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟಿ ಬರಬಾರದು, ಅವರಿಗೆ ಇರುವ ಕೆಲಸವೇ ಸಾಕು. ಇನ್ನೊಂದು, ಒಟ್ಟು ಫಲಿತಾಂಶ. ಅದು ಇಂಗ್ಲಿಷಿನಲ್ಲಿ ಯಾವುದೋ ಪತ್ರಿಕೆಯಲ್ಲಿ ಬರುತ್ತದೆ, ಬರಲಿ, ಅವರಿಗೂ ಪ್ರಮೋಶನ್ ಆಗಬೇಕಲ್ಲ. ಆದರೆ ಕನ್ನಡದಲ್ಲಿ ಒಂದು ಹಾಳೆ ಪಂಚಾಯತ್ ಬೋರ್ಡಿಗೆ ಹಾಕಲಿಕ್ಕೆ ಎಷ್ಟು ಖರ್ಚು? ‘ನಿಮ್ಮೂರಲ್ಲಿ ಇಷ್ಟು ಜನರನ್ನು ನೋಡಿದೆವು, ಇಷ್ಟು ಜನರಿಗೆ ಬಿಪಿ ಇತ್ತು, ಅದರಲ್ಲಿ ಇಷ್ಟು ಜನರಿಗೆ ಗೊತ್ತೇ ಇರಲಿಲ್ಲ.’ ಮೂರು ಸಾಲು. ಗ್ರಾಮಸಭೆಯಲ್ಲಿ ಓದಿದರೆ ಇನ್ನೂ ಒಳ್ಳೆಯದು. ಕೆಲವು ವಿಭಾಗಗಳು ಹೀಗೆ ಮಾಡುತ್ತವೆ. ಅಂಥ ಊರಿಗೆ ಎರಡನೇ ಸಲ ಹೋದಾಗ ಕುಡಿಯಲಿಕ್ಕೆ ನೀರು ಬೆಲ್ಲ ಮೊದಲು ಬರುತ್ತದೆ, ಆಮೇಲೆ ಪ್ರಶ್ನೆ.

(ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬರು ಕೇಳಿದರು: ‘ನಮ್ಮ ಮನೆಗೆ ಆಗಾಗ ಹುಡುಗಿಯರು ಫಾರ್ಮ್ ಹಿಡಿದುಕೊಂಡು ಬರುತ್ತಾರೆ. ಯಾರು ನಿಜ, ಯಾರು ಅಲ್ಲ ಅಂತ ಗೊತ್ತಾಗುವುದು ಹೇಗೆ?’ ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಒಳಗೆ ಕರೆದು ಕೂರಿಸಿ, ಗುರುತಿನ ಚೀಟಿ ಕೇಳಿ. ಮಾಹಿತಿ ಪತ್ರ ಅಂತ ಒಂದು ಹಾಳೆ ಇರಬೇಕು, ನಿಮಗೆ ಓದಲು ಬರುವ ಭಾಷೆಯಲ್ಲಿ. ಅದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ರಕ್ತ ಬೇಕು ಅಂದರೆ ಎಷ್ಟು, ಯಾವುದಕ್ಕೆ ಅಂತ ಕೇಳಿ. 5 ಎಂಎಲ್ ಅಂದರೆ ಒಂದು ಟೀ ಚಮಚ, ಹೆದರುವಂಥದ್ದೇನಲ್ಲ. ಉಳಿದ ರಕ್ತವನ್ನು ಎಂತ ಮಾಡುತ್ತೀರಿ, ಇಟ್ಟುಕೊಳ್ಳುತ್ತೀರಾ ಅಂತಲೂ ಕೇಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಕೇಳಿದರೆ ಅದು ಸಂಶೋಧನೆಯೇ ಅಲ್ಲ, ಎಬ್ಬಿಸಿ ಕಳಿಸಿ. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ, ಕಾರಣ ಹೇಳಬೇಕಾಗಿಲ್ಲ. ಅರ್ಧದಲ್ಲಿ ಬಿಡಬಹುದು. ಬೇಡ ಅಂದದ್ದಕ್ಕೆ ಆ ಆಸ್ಪತ್ರೆಯಲ್ಲಿ ನಿಮ್ಮ ಚಿಕಿತ್ಸೆಗೆ ತೊಂದರೆ ಆಗಕೂಡದು. ಮಾಹಿತಿ ಪತ್ರದ ಕೆಳಗೆ ಸಾಮಾನ್ಯವಾಗಿ ಎರಡು ಫೋನ್ ನಂಬರು ಇರುತ್ತದೆ. ಒಂದು ಸಂಶೋಧಕರದ್ದು, ಇನ್ನೊಂದು ಎಥಿಕ್ಸ್ ಕಮಿಟಿ ಕಚೇರಿಯದ್ದು. ಆ ಎರಡನೆಯ ನಂಬರಿಗೆ ಜನ ಫೋನೇ ಮಾಡುವುದಿಲ್ಲ. ರಿಪೋರ್ಟ್ ಕೊಡುತ್ತೇವೆ ಅಂತ ಹೇಳಿ ಹೋದವರು ತಿಂಗಳಾದರೂ ಬರಲಿಲ್ಲ ಅಂದರೆ ಅಲ್ಲಿಗೆ ಮಾಡಿ. ಹೆಸರು ಹೇಳಿ, ಯಾವ ದಿನ ಬಂದಿದ್ದರು ಹೇಳಿ. ಬರೆದುಕೊಂಡು ಕಮಿಟಿಗೆ ತಿಳಿಸುವುದು ಅವರ ಕೆಲಸ. ಮುಂದಿನ ಮೀಟಿಂಗಿನಲ್ಲಿ ಅದು ನಮ್ಮ ಮೇಜಿನ ಮೇಲೆ ಇರುತ್ತದೆ.